ಕನ್ನಡಕವಿಲ್ಲದೆ ಪೋಣಿಸಿದ ಸೂಜಿ

ನಮ್ಮ ಮನೆಗೂ ಆಚೆ ಮನೆಗೂ ನಡುವೆ ಇರುವುದು ಎದೆಮಟ್ಟದ ಒಂದು ಕಾಂಪೌಂಡು, ಅದಕ್ಕೆ ಒರಗಿಕೊಂಡು ಒಂದು ನಂದಿಬಟ್ಟಲ ಗಿಡ. ಬೇರು ನಮ್ಮ ಕಡೆ, ಹೂವೆಲ್ಲ ಅವರ ಕಡೆ. ಬೆಳಗಾದರೆ ಹೂ ಕೀಳುವುದಕ್ಕೆ ಆ ಮನೆಯ ಅಕ್ಕ ಬರುತ್ತಾರೆ, ನೀರು ಹಾಯಿಸುವುದಕ್ಕೆ ನಾನು ಹೋಗುತ್ತೇನೆ. ಅಲ್ಲಿಗೆ ಒಲೆಯ ಮೇಲಿನ ಹಾಲು ಉಕ್ಕುವವರೆಗೂ ಮಾತು. ಮೊನ್ನೆ ಅಕ್ಕ ಹೂಬುಟ್ಟಿ ಬಿಟ್ಟು ಸೂಜಿ ದಾರ ಹಿಡಿದು ಬಂದರು.

"ನೋಡೇ ಇಲ್ಲಿ, ದಾರ ಪೋಣಿಸ್ಬಿಟ್ಟೆ. ಕನ್ನಡಕ ಇಲ್ದೆ! ಇಪ್ಪತ್ತು ವರ್ಷದಿಂದ ಆಗದೇ ಇದ್ದದ್ದು ಈಗ ಅರವತ್ತೆಂಟಕ್ಕೆ ಆಯ್ತು. ದೇವ್ರು ದೊಡ್ಡೋನು ಕಣೇ."

ಅವರ ಮುಖದಲ್ಲಿದ್ದ ಖುಷಿ ನೋಡಿ ನನಗೆ ತಕ್ಷಣ ಮಾತು ಹೊರಡಲಿಲ್ಲ. "ಅಕ್ಕ, ಆ ಮೂಲೆ ಅಂಗಡಿ ಬೋರ್ಡ್ ಓದಿ ನೋಡೋಣ" ಅಂದೆ. ಕಣ್ಣು ಕಿರಿದು ಮಾಡಿದರು, ಕೈ ಅಡ್ಡ ಹಿಡಿದರು. "ಮಂಜು ಮಂಜು. ಬಸ್ಸಿನ ಬೋರ್ಡೂ ಅಷ್ಟೇ, ಹತ್ರ ಬಂದ್ಮೇಲೇ ಗೊತ್ತಾಗೋದು. ಪೊರೆ ಬರ್ತಿರ್ಬೇಕು. ಹಣ್ಣಾಗ್ಲಿ ಬಿಡು, ಆಮೇಲೆ ತೆಗೆಸಿದ್ರಾಯ್ತು."

ಸೂಜಿ ಕಂಡದ್ದು ಕಣ್ಣು ಎಳೆಯದಾದ್ದರಿಂದಲ್ಲ. ಕಣ್ಣಿನ ಪಾಪೆಯ ಹಿಂದೆ ಒಂದು ಲೆನ್ಸ್ ಇರುತ್ತದೆ, ಅವರೆಕಾಳಿನಷ್ಟು. ಚಿಕ್ಕವರಿದ್ದಾಗ ಅದು ಮೆತ್ತಗಿದ್ದು, ಹತ್ತಿರ ನೋಡುವಾಗ ಉಬ್ಬಿಕೊಳ್ಳುತ್ತದೆ. ನಲವತ್ತರ ಹೊತ್ತಿಗೆ ಬಿಗಿಯಾಗಿ, ಉಬ್ಬಲಾರದೆ, ಅಕ್ಷರ ದೂರ ಹಿಡಿಯಬೇಕಾಗುತ್ತದೆ. ಅದನ್ನೇ ನಮ್ಮ ಹಿರಿಯರು ಚಾಳೀಸು ಅಂದದ್ದು. ಇನ್ನೂ ವಯಸ್ಸಾದ ಮೇಲೆ ಕೆಲವರಲ್ಲಿ ಲೆನ್ಸಿನ ನಡುಭಾಗ ಗಟ್ಟಿಯಾಗಿ ಕಂದು ತಿರುಗುತ್ತದೆ. ಆಗ ಬೆಳಕು ಹೆಚ್ಚು ಬಾಗಿ, ಹತ್ತಿರದ್ದು ಮತ್ತೆ ಕನ್ನಡಕವಿಲ್ಲದೆ ಕಾಣುತ್ತದೆ, ದೂರದ್ದು ಮಂಕಾಗುತ್ತದೆ. ಹೋದ ಕಣ್ಣು ಬಂತು ಅಂತ ಮನೆಯವರೆಲ್ಲ ಸಂಭ್ರಮ ಪಡುತ್ತಾರೆ. ಪೊರೆ ಬಲಿಯುತ್ತ ಹೋದ ಹಾಗೆ ಹತ್ತಿರದ್ದೂ ಮಬ್ಬಾಗುತ್ತದೆ.

ಅಕ್ಕನಿಗೆ ಇದನ್ನು ಹೇಳುವುದು ನನಗೆ ಕಷ್ಟವಾಯಿತು, ಆದರೂ ಹೇಳಿದೆ. ಅವರು ಸೂಜಿಯನ್ನೇ ನೋಡುತ್ತ ನಿಂತರು. "ಹಾಗಾದ್ರೆ ಪೊರೇನೇ ತಾನೇ? ಕಾಯೋಣ."

ಕಾಯುವ ಈ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಮ್ಮಜ್ಜಿಗೆ ಪೊರೆ ತೆಗೆದದ್ದು ಊರ ಶಾಲೆಯ ಕೋಣೆಯಲ್ಲಿ, ಶಿಬಿರದಲ್ಲಿ. ಬೀಳಗಿಯ ಡಾ. ಎಂ.ಸಿ. ಮೋದಿಯವರು ಹಳ್ಳಿ ಹಳ್ಳಿಗೆ ಕಣ್ಣಿನ ಶಿಬಿರ ಒಯ್ದು, ಆಸ್ಪತ್ರೆಯ ಬಾಗಿಲೇ ಕಾಣದ ಜನಕ್ಕೆ ಬೆಳಕು ಕೊಟ್ಟ ಕಾಲ ಅದು. ಆಗ ಲೆನ್ಸನ್ನು ಅದರ ಚೀಲದ ಸಮೇತ ಇಡಿಯಾಗಿ ಹೊರಗೆ ತೆಗೆಯುತ್ತಿದ್ದರು. ಅದರ ಜಾಗದಲ್ಲಿ ಇಡುವುದಕ್ಕೆ ಏನೂ ಇರಲಿಲ್ಲ. ತಲೆ ಅಲುಗದ ಹಾಗೆ ಎರಡೂ ಪಕ್ಕ ಮರಳಿನ ಚೀಲ ಇಟ್ಟು ಅಜ್ಜಿಯನ್ನು ದಿನಗಟ್ಟಲೆ ಅಂಗಾತ ಮಲಗಿಸಿದ್ದರು. ಆಮೇಲೆ ಸೋಡಾಬುಡ್ಡಿ ಕನ್ನಡಕ. ಅದನ್ನು ಹಾಕಿಕೊಂಡರೆ ಎಲ್ಲವೂ ದೊಡ್ಡದಾಗಿ, ಹತ್ತಿರ ಬಂದ ಹಾಗೆ ಕಾಣುತ್ತಿತ್ತಂತೆ. ಮೆಟ್ಟಿಲಿಳಿಯುವಾಗ ಅಜ್ಜಿ ಮೊದಲು ಕಾಲಿನಿಂದ ತಡಕುತ್ತಿದ್ದರು. ಕನ್ನಡಕ ಒಡೆದ ದಿನ ಅವರು ಕುರುಡಿಯೇ. ಅಷ್ಟೆಲ್ಲ ಪಡಿಪಾಟಲು ಇದ್ದಾಗ, ಪೂರ್ತಿ ಕಾಣದಾಗುವವರೆಗೂ ಕಾಯುವುದರಲ್ಲಿ ಅರ್ಥವಿತ್ತು.

ಆ ಖಾಲಿ ಜಾಗ ತುಂಬಿದ ಕತೆ ನನಗೆ ಬಹಳ ಇಷ್ಟ. ಎರಡನೇ ಮಹಾಯುದ್ಧದಲ್ಲಿ ಗುಂಡೇಟಿಗೆ ವಿಮಾನದ ಮೇಲ್ಹೊದಿಕೆ ಸಿಡಿದು, ಅದರ ಪರ್ಸ್ಪೆಕ್ಸ್ ಚೂರುಗಳು ಬ್ರಿಟಿಷ್ ಪೈಲಟ್‌ಗಳ ಕಣ್ಣಿಗೆ ಹೊಕ್ಕಿದ್ದವು. ಹೊಕ್ಕ ಚೂರಿನ ಸುತ್ತ ಕಣ್ಣು ಕೆರಳಿರಲಿಲ್ಲ, ಸುಮ್ಮನೆ ಇಟ್ಟುಕೊಂಡಿತ್ತು. ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಇದನ್ನು ಗಮನಿಸಿದರು. ಕಣ್ಣು ಒಪ್ಪಿಕೊಳ್ಳುವ ವಸ್ತು ಇದು, ಇದರಲ್ಲೇ ಯಾಕೆ ಲೆನ್ಸ್ ಮಾಡಬಾರದು? 1949ರ ನವೆಂಬರ್‌ನಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ಕೃತಕ ಲೆನ್ಸ್ ಇಟ್ಟರು. ಆ ಕಾಲದ ದೊಡ್ಡ ದೊಡ್ಡ ವೈದ್ಯರು ಅವರನ್ನು ವರ್ಷಗಟ್ಟಲೆ ವಿರೋಧಿಸಿದರು. ನಮ್ಮಲ್ಲಿ ಬಡವರಿಗೆ ಆ ಲೆನ್ಸ್ ಕೈಗೆಟುಕುವುದಕ್ಕೆ ಮಾತ್ರ ಇನ್ನೂ ನಲವತ್ತು ವರ್ಷ ಬೇಕಾಯಿತು. 1976ರಲ್ಲಿ ಮಧುರೆಯಲ್ಲಿ ಹನ್ನೊಂದು ಹಾಸಿಗೆಯೊಂದಿಗೆ ಅರವಿಂದ ಕಣ್ಣಿನ ಆಸ್ಪತ್ರೆ ಶುರು ಮಾಡಿದ ಡಾ. ಜಿ. ವೆಂಕಟಸ್ವಾಮಿಯವರ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿದ್ದವು. ಆ ಬೆರಳಿನಲ್ಲೇ ಅವರು ಸಾವಿರಾರು ಕಣ್ಣು ತೆರೆದರು. 1992ರಿಂದ ಅವರ ಬಳಗದ ಕಾರ್ಖಾನೆ ಲೆನ್ಸನ್ನು ಇಲ್ಲೇ ತಯಾರಿಸತೊಡಗಿದ ಮೇಲೆ ಬೆಲೆ ಬಹಳ ಇಳಿಯಿತು.

ಈಗ ಕಾಯುವುದೇ ತಪ್ಪು. ಕಣ್ಣಿನ ಅಂಚಿನಲ್ಲಿ ಎರಡೂವರೆ ಮಿಲಿಮೀಟರಿನಷ್ಟು ಕಿಂಡಿ ಮಾಡಿ, ಶಬ್ದತರಂಗದಿಂದ ಪೊರೆಯನ್ನು ಪುಡಿ ಮಾಡಿ ಹೀರಿ, ಅದೇ ಚೀಲದೊಳಗೆ ಮಡಿಸಿದ ಲೆನ್ಸ್ ಬಿಡುತ್ತಾರೆ. ಅದು ಒಳಗೆ ಹೋಗಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಜನ ಇದನ್ನು ಲೇಸರ್ ಆಪರೇಷನ್ ಅನ್ನುತ್ತಾರೆ, ಆದರೆ ಸಾಮಾನ್ಯವಾಗಿ ಅಲ್ಲಿ ನಡೆಯುವುದು ಶಬ್ದದ ಕೆಲಸ. ಪೊರೆ ಬಲಿತು ಕಲ್ಲಾದಷ್ಟೂ ಅದನ್ನು ಒಡೆಯಲು ಹೆಚ್ಚು ಹೊತ್ತು, ಹೆಚ್ಚು ಬಲ ಬೇಕು, ಕಣ್ಣಿನ ಮುಂದಿನ ಗಾಜಿನಂಥ ಪದರಕ್ಕೆ, ಕಾರ್ನಿಯಾಕ್ಕೆ, ಅಷ್ಟೂ ಪೆಟ್ಟು. ತೀರಾ ಹಣ್ಣಾದರೆ ಪೊರೆ ಊದಿ ಅಥವಾ ಸೋರಿ, ಕಣ್ಣಿನೊಳಗೆ ಒತ್ತಡ ಏರಿ, ಸಹಿಸಲಾಗದ ನೋವಿನೊಂದಿಗೆ ಇದ್ದ ದೃಷ್ಟಿಯೂ ಹೋಗಬಹುದು. ಬಸ್ ಬೋರ್ಡ್ ಓದಲು, ಅಕ್ಕಿಯ ಕಲ್ಲು ಆರಿಸಲು, ರಾತ್ರಿ ಎದುರಿನ ಗಾಡಿಯ ಬೆಳಕು ತಡೆಯಲು ಕಷ್ಟವಾಗುತ್ತಿದೆಯೇ? ಅಷ್ಟು ಸಾಕು ಆಪರೇಷನ್ನಿಗೆ. ಜಿಲ್ಲಾಸ್ಪತ್ರೆಯಲ್ಲಿ ದುಡ್ಡಿಲ್ಲದೆ ಮಾಡುತ್ತಾರೆ, ಬೆಳಿಗ್ಗೆ ಹೋದವರು ಎಷ್ಟೋ ಸಲ ಸಂಜೆಗೆ ಮನೆಯಲ್ಲಿರುತ್ತಾರೆ. ಆಮೇಲೆ ನಾಲ್ಕಾರು ವಾರ ಡ್ರಾಪ್ಸ್, ಕಣ್ಣಿಗೆ ನೀರು ಬೀಳದ ಹಾಗೆ ಎಚ್ಚರ. ನೋವು ಜಾಸ್ತಿಯಾಗಿ ದೃಷ್ಟಿ ಇಳಿದರೆ ಮಾತ್ರ ಒಂದು ರಾತ್ರಿಯೂ ತಡೆಯದೆ ಹೋಗಬೇಕು, ಒಳಗೆ ಕೀವಾಗಿರಬಹುದು. ಕೆಲವು ತಿಂಗಳು ವರ್ಷದ ಮೇಲೆ ಮತ್ತೆ ಮಂಜಾದರೆ ಹೆದರಬೇಕಿಲ್ಲ. ಲೆನ್ಸ್ ಕೂತಿರುವ ಚೀಲ ಮಬ್ಬಾಗಿರುತ್ತದೆ, ಅದಕ್ಕೆ ನಿಜವಾಗಿಯೂ ಲೇಸರ್, ಐದು ನಿಮಿಷದ ಕೆಲಸ.

"ನಂದಿಬಟ್ಟಲ ರಸ ಬಿಟ್ರೆ ಪೊರೆ ಕರಗುತ್ತೆ ಅಂತಾರಲ್ಲೇ? ಗಿಡ ಇಲ್ಲೇ ಇದೆ."

"ಕಣ್ಣಿಗೆ ಮಾತ್ರ ಬಿಡಬೇಡಿ ಅಕ್ಕ. ಪೊರೆ ಕರಗಿಸೋ ಹನಿ ಇವತ್ತಿಗೂ ಇಲ್ಲ. ದೇವರಿಗೆ ಹಾಕಿ, ಮುಡ್ಕೊಳ್ಳಿ."

ಆಮೇಲೆ, ಇಷ್ಟು ವರ್ಷ ಕಾಂಪೌಂಡಿನ ಆಚೆ ದಾಟಿಸದ ಮಾತೊಂದನ್ನು ದಾಟಿಸಿದೆ. ನಮ್ಮಪ್ಪನದು.

ಅಪ್ಪ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಅರವತ್ತರ ಹತ್ತಿರ ಬಂದಾಗ ಅವರ ಪಕ್ಕದಲ್ಲಿಟ್ಟ ಕಾಫಿ ಲೋಟ ಕೈತಾಗಿ ಉರುಳತೊಡಗಿತು. ಹೊಸಿಲು ಎಡವುತ್ತಿದ್ದರು, ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಿದ್ದರು. ಪೇಪರು ಮಾತ್ರ ಚೆನ್ನಾಗಿ ಓದುತ್ತಿದ್ದರು, ಲೆಡ್ಜರಿನ ಇರುವೆ ಸಾಲಿನಂಥ ಅಂಕಿಗಳನ್ನೂ. "ನೋಡ್ಕೊಂಡು ನಡೀಬಾರ್ದಾ ಅಪ್ಪಾ" ಅಂತ ಗದರಿಸಿದವಳು ನಾನು. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ. ಊರಿನವರು ಪೊರೆ ಇರಬೇಕು ಅಂದರು. ಹಣ್ಣಾಗಲಿ ಅಂದರು. ನಾವೂ ಅಂದೆವು. ಐದು ವರ್ಷ ಕಾದೆವು.

ಅದು ಪೊರೆಯಲ್ಲ, ಗ್ಲಾಕೋಮಾ. ಕಣ್ಣಿನೊಳಗೆ ಸದಾ ತಿಳಿನೀರು ಊರುತ್ತಿರುತ್ತದೆ, ಅಂಚಿನಲ್ಲಿರುವ ಜರಡಿಯಂಥ ದಾರಿಯಲ್ಲಿ ಬಸಿದುಹೋಗುತ್ತಿರುತ್ತದೆ. ನಾಲೆ ನೀರಿನ ಜೊತೆ ಬೆಳೆದ ನಮ್ಮ ಮಂಡ್ಯದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ತೂಬು ಕಟ್ಟಿಕೊಂಡರೆ ಕೆರೆ ಏರಿಯ ಮೇಲೆ ಏನಾಗುತ್ತದೋ ಅದೇ. ಒತ್ತಡವೆಲ್ಲ ಹಿಂಬದಿಯ ನರದ ಮೇಲೆ ಬೀಳುತ್ತದೆ. ಆ ನರದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳಿವೆ, ಒಂದೊಂದಾಗಿ ಸಾಯುತ್ತವೆ. ಮೊದಲು ಹೋಗುವುದು ಅಕ್ಕಪಕ್ಕದ ನೋಟ, ನಟ್ಟನಡುವಿನದು ಕೊನೆಯಲ್ಲಿ. ಅದಕ್ಕೇ ಅಪ್ಪನಿಗೆ ಅಂಕಿ ಕಾಣುತ್ತಿತ್ತು, ಲೋಟ ಕಾಣುತ್ತಿರಲಿಲ್ಲ. ನೋವಿಲ್ಲ, ಕೆಂಪಿಲ್ಲ, ನೀರಿಳಿಯುವುದಿಲ್ಲ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬಿಕೊಡುತ್ತಿರುವುದರಿಂದ ಅವರಿಗೇ ತಿಳಿಯಲಿಲ್ಲ. ಕೊನೆಗೊಂದು ದಿನ ಡಾಕ್ಟರು ಪಾಪೆ ಅಗಲಿಸುವ ಹನಿ ಹಾಕಿ ನೋಡಿದಾಗ ಬಲಗಣ್ಣಿನ ನರ ಬೆಳ್ಳಗೆ ಸತ್ತಿತ್ತು, ಎಡಗಣ್ಣಿನದು ಸ್ವಲ್ಪ ಉಳಿದಿತ್ತು. ಪೊರೆ ತೆಗೆದರೆ ಕಣ್ಣು ಮರಳುತ್ತದೆ. ಗ್ಲಾಕೋಮಾದಲ್ಲಿ ಹೋದದ್ದು ಹೋಯಿತು. ಉಳಿದಿದ್ದನ್ನು ಕಾಯಬಹುದು, ಅಷ್ಟೇ. ಕನ್ನಡಿ ಹಿಡಿದುಕೊಂಡು ಮನೆಯಲ್ಲಿ ಕೂತವರಿಗೆ ಯಾವುದು ಪೊರೆ, ಯಾವುದು ಇದು ಎಂದು ಗೊತ್ತಾಗುವ ಬಗೆಯೇ ಇಲ್ಲ. ನೀವು ಹಣ್ಣಾಗ್ಲಿ ಅಂದಾಗ ನನ್ನ ಹೊಟ್ಟೆಯಲ್ಲಿ ಚಳಿ ಹುಟ್ಟಿದ್ದು ಅದಕ್ಕೇ ಅಕ್ಕ, ಅಂದೆ.

ಆ ಡಾಕ್ಟರು ಅವತ್ತು ಇನ್ನೊಂದು ಮಾತು ಹೇಳಿದ್ದರು: "ಇವರ ಮಕ್ಕಳನ್ನೆಲ್ಲ ಕರ್ಕೊಂಡು ಬನ್ನಿ, ಅಣ್ಣತಮ್ಮಂದಿರನ್ನೂ. ಇದು ರಕ್ತಸಂಬಂಧದಲ್ಲಿ ಬರುತ್ತೆ." ನಾವು ಮೂವರು ಹೋದೆವು. ಸಾಮಾನ್ಯವಾಗಿ ಒತ್ತಡ 10ರಿಂದ 21ರ ಒಳಗಿರಬೇಕು, ನನ್ನದು 26. ಆಗ ನನಗೆ ನಲವತ್ತನಾಲ್ಕು, ನೋಟದಲ್ಲಿ ಒಂದು ಚೂರೂ ವ್ಯತ್ಯಾಸ ಇರಲಿಲ್ಲ.

"ನಿಂಗೂ ಇದೆಯೇನೇ? ಇಷ್ಟ್ ವರ್ಷದಲ್ಲಿ ಒಂದ್ ಮಾತೂ ಹೇಳ್ಲಿಲ್ವಲ್ಲೇ ತಾಯಿ."

ಇದೆ. ದಿನಾ ರಾತ್ರಿ ಒಂಬತ್ತಕ್ಕೆ ಒಂದೊಂದು ಹನಿ. ನೀರು ಬಸಿಯುವ ದಾರಿ ಸಲೀಸು ಮಾಡುವ ಔಷಧಿ ಅದು. ನೀರು ಊರುವುದನ್ನೇ ಕಡಿಮೆ ಮಾಡುವ ಬೇರೆ ಬಗೆಯದೂ ಇದೆ. ಹನಿಗೆ ಬಗ್ಗದಿದ್ದರೆ ಲೇಸರ್, ಅದಕ್ಕೂ ಬಗ್ಗದಿದ್ದರೆ ಹೊಸ ತೂಬು ಕೊರೆಯುವ ಆಪರೇಷನ್. ಹನಿ ಬಿಟ್ಟ ಮೇಲೆ ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿಕೊಂಡಿರಬೇಕು, ಇಲ್ಲವಾದರೆ ಔಷಧಿ ಗಂಟಲಿಗೆ ಇಳಿದುಹೋಗುತ್ತದೆ. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು. ಮುಚ್ಚಳ ತೆಗೆದ ಬಾಟಲಿಯನ್ನು ಒಂದು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು. ಹನಿ ಬಿಟ್ಟರೆ ಕಣ್ಣು ಚುರುಕಾಗುವುದಿಲ್ಲ, ಬಿಡದಿದ್ದರೆ ನಾಳೆಯೇ ಮಂಕಾಗುವುದೂ ಇಲ್ಲ. ಬಹಳ ಜನ ಮಧ್ಯದಲ್ಲೇ ನಿಲ್ಲಿಸುವುದು ಅದಕ್ಕೇ. ನಾನು ನಿಲ್ಲಿಸುವುದಿಲ್ಲ. ಬಾಟಲಿ ಕೈಗೆತ್ತಿಕೊಂಡಾಗಲೆಲ್ಲ ಅಪ್ಪನ ಉರುಳಿದ ಲೋಟ ಕಾಣುತ್ತದೆ.

ಈ ಕಾಯಿಲೆಗೇ ಇನ್ನೊಂದು ರೂಪವಿದೆ, ಅದು ಹೇಳದೆ ಬರುವುದಿಲ್ಲ. ನೀರಿನ ದಾರಿ ಒಮ್ಮೆಲೇ ಮುಚ್ಚಿಕೊಂಡು ಕಣ್ಣು ಸಿಡಿಯುವಷ್ಟು ನೋವು, ದೀಪದ ಸುತ್ತ ಕಾಮನಬಿಲ್ಲು, ಜೊತೆಗೆ ವಾಂತಿ. ಮನೆಯವರು ಪಿತ್ತ, ಅರೆತಲೆನೋವು ಅಂತ ಶುಂಠಿ ಕಷಾಯ ಕೊಡುತ್ತಾರೆ. ಕೆಲವು ಗಂಟೆಯೊಳಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಾದ ಹೊತ್ತು ಅದು.

ಅಷ್ಟರಲ್ಲಿ ಸೊಪ್ಪಿನವಳು ಬಂದಳು. ಅವಳ ಗಂಡನಿಗೆ ಹೋದ ವರ್ಷ ಕಬ್ಬು ಕಡಿಯುವಾಗ ಸೋಗೆ ಕಣ್ಣಿಗೆ ಗೀರಿತ್ತು. ಮೊದಲು ಹರಳೆಣ್ಣೆ ಬಿಟ್ಟರು. ಆಮೇಲೆ ಬಾಣಂತಿಯ ಎದೆಹಾಲು. ಕೆಂಪು ಇಳಿಯದಾಗ ಮೆಡಿಕಲ್ ಶಾಪಿನಲ್ಲಿ ಕೇಳಿ ಹನಿ ತಂದರು. ಅದು ಸ್ಟೆರಾಯ್ಡ್ ಇದ್ದ ಹನಿ. ಎರಡು ದಿನ ಹಾಯೆನಿಸಿತು. ಸೋಗೆ, ಭತ್ತದ ಗರಿ ಇವುಗಳ ಜೊತೆ ಶಿಲೀಂಧ್ರ ಕಣ್ಣಿಗೆ ಹೊಕ್ಕಿರುತ್ತದೆ, ಅಂದರೆ ಬೂಷ್ಟು. ಸ್ಟೆರಾಯ್ಡ್ ನಮ್ಮ ಮೈಯ ಕಾವಲನ್ನು ಮಲಗಿಸಿ ಬೂಷ್ಟಿಗೆ ಹಾದಿ ಬಿಟ್ಟುಕೊಡುತ್ತದೆ. ಮೂರು ವಾರದಲ್ಲಿ ಕಪ್ಪುಗುಡ್ಡೆಯ ಮೇಲೆ ಬಿಳಿ ಮೂಡಿತು. ಗೀರಿದ ದಿನವೇ ಹೋಗಿದ್ದರೆ, ಕೆರೆದು ಪರೀಕ್ಷೆ ಮಾಡಿ, ಬೂಷ್ಟನ್ನೇ ಕೊಲ್ಲುವ ನಟಾಮೈಸಿನ್ ಹನಿಯನ್ನು ಗಂಟೆಗೊಮ್ಮೆ ಬಿಟ್ಟು, ವಾರಗಟ್ಟಲೆ ಹಟ ಹಿಡಿದಾದರೂ ಉಳಿಸಿಕೊಳ್ಳಬಹುದಿತ್ತು. ಅದೇ ಸ್ಟೆರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ತುರಿಕೆಗೆಂದು ಬಿಟ್ಟುಕೊಂಡು ಗ್ಲಾಕೋಮಾ, ಪೊರೆ ಎರಡನ್ನೂ ತರಿಸಿಕೊಳ್ಳುವ ಮಕ್ಕಳಿದ್ದಾರೆ. ಚೀಟಿ ಇಲ್ಲದೆ ಆ ಹನಿ ಮಾರುವುದನ್ನು ನೋಡಿದರೆ ನನಗೆ ಸಿಟ್ಟು ತಡೆಯಲಾಗುವುದಿಲ್ಲ.

"ಹೂ ಬಿದ್ದ ಕಣ್ಣು ಅಂದ್ರೆ ಮುಗೀತು ಅಂತಿದ್ರು ನಮ್ ಕಾಲದಲ್ಲಿ" ಅಂದರು ಅಕ್ಕ.

ಮುಗಿದಿಲ್ಲ. ಸೊಪ್ಪಿನವಳ ಗಂಡ ಈಗ ಕಾರ್ನಿಯಾಕ್ಕೆ ಹೆಸರು ಬರೆಸಿ ಕಾಯುತ್ತಿದ್ದಾನೆ. ಯಾರೋ ಸತ್ತಾಗ ಅವರ ಮನೆಯವರು ಕೊಟ್ಟರೆ ಅವನಿಗೆ ಬೆಳಕು. 2006ರಲ್ಲಿ ನಟ ಡಾ. ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣು ದಾನವಾಯಿತು. 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ ಹೋದರಲ್ಲ, ಅವತ್ತು ನಮ್ಮ ಬೀದಿಯಲ್ಲಿ ಒಲೆ ಹಚ್ಚದ ಮನೆಗಳಿದ್ದವು. ಆ ದುಃಖದಲ್ಲೂ ಅವರ ಮನೆಯವರು ಕಣ್ಣು ಕೊಟ್ಟರು. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಒಂದೊಂದು ಕಾರ್ನಿಯಾವನ್ನೂ ಮೇಲ್ಪದರ, ಒಳಪದರ ಎಂದು ಬೇರ್ಪಡಿಸಿ, ಎರಡು ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಕೊಟ್ಟರು. ಆಮೇಲೆ ನಾಡಿನ ಉದ್ದಕ್ಕೂ ಹುಡುಗರು ಸಾಲುಗಟ್ಟಿ ನೇತ್ರದಾನಕ್ಕೆ ಹೆಸರು ಬರೆಸಿದರು.

ಹೆಸರು ಬರೆಸುವುದರ ಜೊತೆಗೆ ಮನೆಯವರಿಗೆ ಹೇಳಿಡಬೇಕು, ಯಾಕೆಂದರೆ ಫೋನ್ ಮಾಡುವವರು ಅವರು. ಉಸಿರು ನಿಂತ ಆರು ಗಂಟೆಯೊಳಗೆ ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ, ತಲೆಗೆ ದಿಂಬು ಕೊಡಬೇಕು. ಕನ್ನಡಕ ಹಾಕುತ್ತಿದ್ದವರೂ, ಸಕ್ಕರೆ ಕಾಯಿಲೆಯವರೂ, ಪೊರೆ ತೆಗೆಸಿಕೊಂಡವರೂ ಕೊಡಬಹುದು. ಮುಖ ಕೆಡುವುದಿಲ್ಲ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮನೆಯವರಿಗೆ ಸಕ್ಕರೆ ಕಾಯಿಲೆ ಶುರುವಾಗಿ ಹದಿನೈದು ವರ್ಷ ಆಯ್ತು" ಅಂದರು. "ಕಣ್ಣಿಗೇನೂ ತೊಂದರೆ ಇಲ್ಲಪ್ಪ ಅವ್ರಿಗೆ."

ಭಾವನವರ ಕಣ್ಣನ್ನು ಈ ಹದಿನೈದು ವರ್ಷದಲ್ಲಿ ಯಾರೂ ಒಳಗಿಣುಕಿ ನೋಡಿಲ್ಲ ಅಂತ ಆಗ ಗೊತ್ತಾಯಿತು. ಸಕ್ಕರೆ ಹೆಚ್ಚಿದ್ದಷ್ಟು ಕಾಲವೂ ಕಣ್ಣಿನ ಹಿಂಬದಿಯ ಪರದೆಯಲ್ಲಿ, ರೆಟಿನಾದಲ್ಲಿ, ಕೂದಲೆಳೆಯಂಥ ರಕ್ತನಾಳಗಳು ಸಡಿಲವಾಗಿ ಸೋರುತ್ತವೆ. ಕೆಲವು ಮುಚ್ಚಿಕೊಂಡು, ಅವುಗಳ ಬದಲಿಗೆ ಹೊಸ ಬಡಕಲು ನಾಳಗಳು ಹುಟ್ಟುತ್ತವೆ. ಇದೆಲ್ಲ ನಡೆಯುವಾಗ ಅಕ್ಷರ ಸ್ಪಷ್ಟವಾಗಿಯೇ ಕಾಣುತ್ತಿರಬಹುದು. ಒಂದು ದಿನ ಆ ನಾಳ ಒಡೆದು ಕಣ್ಣಿನೊಳಗೆ ರಕ್ತ ತುಂಬಿದಾಗಲೇ ಮನೆಯವರಿಗೆ ಎಚ್ಚರ. ಬೇಗ ಕಂಡರೆ ಲೇಸರಿನಿಂದ ತಡೆಯುತ್ತಾರೆ, ಇಲ್ಲವೇ ಕಣ್ಣಿನೊಳಗೇ ಇಂಜೆಕ್ಷನ್ ಕೊಡುತ್ತಾರೆ. ಕಣ್ಣಿಗೆ ಸೂಜಿಯಾ ಅಂತ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ಮರಗಟ್ಟಿಸುವ ಹನಿ ಬಿಟ್ಟು, ಕ್ಷಣದಲ್ಲಿ ಚುಚ್ಚಿ ತೆಗೆಯುತ್ತಾರೆ, ಕಲ್ಪಿಸಿಕೊಂಡಷ್ಟು ನೋವಿರುವುದಿಲ್ಲ. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿದರೆ ಇದು ತಿಳಿಯುವುದಿಲ್ಲ. ಪಾಪೆ ಅಗಲಿಸಿ ವರ್ಷಕ್ಕೊಮ್ಮೆ ನೋಡಲೇಬೇಕು. ಕಣ್ಣೆದುರು ಮಿಂಚು ಹೊಡೆದ ಹಾಗೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಸುರಿದ ಹಾಗೆ, ಒಂದು ಕಡೆಯಿಂದ ಪರದೆ ಎಳೆದ ಹಾಗೆ ಕಂಡರಂತೂ ಸಕ್ಕರೆ ಇರಲಿ ಬಿಡಲಿ, ಅವತ್ತೇ ಹೊರಡಬೇಕು. ರೆಟಿನಾ ಹರಿದು ಕಳಚುತ್ತಿರಬಹುದು.

ಇದಕ್ಕೆಲ್ಲ ಹೋಗದ ಜನ ಆಸ್ಪತ್ರೆಗೆ ಓಡುವುದು ಮದ್ರಾಸ್ ಐ ಬಂದಾಗ. 2023ರ ಮಳೆಗಾಲದಲ್ಲಿ ನಮ್ಮ ಬೀದಿಯ ಒಂದು ಮನೆಯೂ ಉಳಿದಿರಲಿಲ್ಲ, ನೆನಪಿದೆಯಲ್ಲ. ನೋಡಿದರೆ ಹತ್ತುವ ಕಾಯಿಲೆಯಲ್ಲ ಅದು. ಕೈ, ಟವೆಲ್ಲು, ದಿಂಬಿನ ಚೀಲದಿಂದ ಹತ್ತುತ್ತದೆ. ಹೆಚ್ಚಾಗಿ ವೈರಸ್, ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ. ಬೆಳಕು ನೋಡಲಾಗದಷ್ಟು ನೋವು, ಮಂಜು ಇದ್ದರೆ ಮಾತ್ರ ಅದು ಬರೀ ಮದ್ರಾಸ್ ಐ ಅಲ್ಲ.

ಅಕ್ಕನ ಮೊಮ್ಮಗಳು ಹಲ್ಲುಜ್ಜುತ್ತ ಬಂದು ಅಜ್ಜಿಯ ಸೆರಗು ಹಿಡಿದು ನಿಂತಳು. ನಾಲ್ಕು ವರ್ಷ. ಎಡಗಣ್ಣು ಒಮ್ಮೊಮ್ಮೆ ಮೂಗಿನ ಕಡೆ ಸರಿಯುತ್ತದೆ. ಮಾಲುಗಣ್ಣು ಅದೃಷ್ಟ ಅಂತ ಅವರ ಮನೆಯಲ್ಲಿ ಎಲ್ಲರೂ ಅನ್ನುವುದನ್ನು ಕೇಳಿದ್ದೇನೆ. ಇಷ್ಟು ದಿನ ಬಾಯಿ ಬಿಟ್ಟು ಹೇಳಿರಲಿಲ್ಲ, ಬೇರೆಯವರ ಮಗು ಅಂತ. ಮೊನ್ನೆ ಬಿಡಲಿಲ್ಲ. ಸರಿದ ಕಣ್ಣು ಕಳಿಸುವ ಚಿತ್ರವನ್ನು ಮೆದುಳು ಬದಿಗೊತ್ತುತ್ತದೆ, ಕೆಲವು ವರ್ಷದಲ್ಲಿ ಆ ಕಣ್ಣಿನಿಂದ ನೋಡುವುದನ್ನೇ ಕಲಿಯದೆ ಉಳಿಯುತ್ತದೆ. ಈ ವಯಸ್ಸಿನಲ್ಲಿ ಕನ್ನಡಕ ಕೊಟ್ಟು, ಚೆನ್ನಾಗಿರುವ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಹಾಕಿದರೆ ಸೋತ ಕಣ್ಣು ಕೆಲಸ ಕಲಿಯುತ್ತದೆ. ಏಳೆಂಟು ವರ್ಷ ದಾಟಿದರೆ ಕಷ್ಟ.

"ಮಗೂಗೂ ಕಾಯ್ಬಾರ್ದಾ ಹಾಗಾದ್ರೆ?"

"ಮಗೂಗೆ ಮೊದಲು ಹೋಗ್ಬೇಕು ಅಕ್ಕ."

ಒಳಗೆ ಹಾಲು ಉಕ್ಕಿದ ವಾಸನೆ ಬಂತು, ಎರಡೂ ಮನೆಯಿಂದ. ಅಕ್ಕ ಹೋಗಲಿಲ್ಲ, ನಾನೂ ಹೋಗಲಿಲ್ಲ. ಸೂಜಿಯನ್ನು ರವಿಕೆಗೆ ಸಿಕ್ಕಿಸಿಕೊಂಡು ಬೆರಳು ಮಡಿಸಿ ಎಣಿಸಿದರು: ತಾವು, ಯಜಮಾನರು, ಮಗು. "ಗುರುವಾರ ಹೊರಡೋಣ್ವಾ? ನೀನೂ ಬಾರೇ. ಪಾಪೆಗೆ ಹನಿ ಹಾಕಿದ್ರೆ ಸಂಜೆತನಕ ಕಣ್ಣು ಕಾಣಲ್ಲ ಅಂತೀಯ, ನಮ್ಮಿಬ್ರನ್ನೂ ರಸ್ತೆ ದಾಟಿಸೋರು ಬೇಕಲ್ಲ."

ಬರುತ್ತೇನೆ ಅಂದೆ. ಭಾವನವರ ಸಕ್ಕರೆಯ ಹಳೇ ಚೀಟಿಗಳನ್ನೆಲ್ಲ ಒಂದು ಕವರಿಗೆ ಹಾಕಿಡಿ, ತಿನ್ನುವ ಮಾತ್ರೆಯ ಹೆಸರೂ ಬೇಕು, ಬಿಸಿಲಿಗೆ ಕೊಡೆ ಇರಲಿ ಅಂತ ಹೇಳಿದೆ. ಮೊದಲ ಬಸ್ಸು ಏಳೂವರೆಗೆ. ಬೋರ್ಡ್ ನಾನು ಓದುತ್ತೇನೆ.